ಮಾಣಿಕನಗರದ ಬೇಸಿಗೆಯ ಬಣ್ಣಗಳು

ಬೇಸಿಗೆಯೆಂದೊಡನೆ ಬೀದರ ಸೀಮೆಯ ಜನ ನಿಟ್ಟುಸಿರಿಡುವುದುಂಟು. ಬಾವಿಗಳು ತಳ ಕಾಣುವ ಕಾಲ. ಹೊಲಗಳು ಬರಿದಾಗುವ ಕಾಲ. ಮಧ್ಯಾಹ್ನ ಹೊಸ್ತಿಲು ದಾಟಲು ಅಂಜುವ ಕಾಲ. ಇಂಥ ದಿನಗಳಲ್ಲಿ ಬಣ್ಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಿಸರ್ಗಚಿತ್ರ ಬರೆಯಲು ಮಾಣಿಕನಗರದತ್ತ ಹೊರಟವನನ್ನು ಕಂಡರೆ ಊರ ಹಿರಿಯರು, "ಮಳಿಗಾಲದಾಗ ಬರ್ರಿ, ಆಗ ಎಲ್ಲಾ ಹಸರ ಇರ್ತದ" ಎಂದು ಹೇಳದಿರಲಾರರು. ಮಾತಿನಲ್ಲಿ ಕಳಕಳಿಯಿದೆ. ಆದರೆ ಹಸಿರೊಂದೇ ಚೆಲುವೆಂಬ ನಂಬಿಕೆಯೂ ಅದರಲ್ಲಿ ಅಡಗಿದೆ. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಮಾಣಿಕನಗರದ ಒಂದು ಬೇಸಿಗೆಯ ದಿನ ಸಾಕು.

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹುಮನಾಬಾದಿಗೆ ಬೀದರ–ಕಲಬುರಗಿ ರೈಲು ಮಾರ್ಗವೂ 2017ರಲ್ಲಿ ಪೂರ್ಣಗೊಂಡುದರಿಂದ ಪ್ರಯಾಣ ಈಗ ಸುಲಭ. ಅಲ್ಲಿಂದ ಕೂಗಳತೆಗಿಂತ ತುಸು ದೂರ ಹೋದರೆ ಮಾಣಿಕನಗರ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕ ಪ್ರಭುಗಳು ನೆಲೆಸಿ, 1865ರಲ್ಲಿ ಸಮಾಧಿಸ್ಥರಾದ ಕ್ಷೇತ್ರವಿದು. ಎಲ್ಲ ಮತಗಳನ್ನೂ ಸಮನಾಗಿ ಕಾಣುವ 'ಸಕಲಮತ'ವೆಂಬ ಸಂಪ್ರದಾಯ ಅವರಿಂದ ಬಂದುದು. ವಿರಜಾ ಮತ್ತು ಗುರುಗಂಗಾ ಎಂಬ ಎರಡು ಹೊಳೆಗಳು ಇಲ್ಲಿ ಕೂಡುತ್ತವೆ. ದತ್ತ ಜಯಂತಿಯ ಜಾತ್ರೆಗೆ ಜನಸಾಗರವೇ ನೆರೆಯುವುದರಿಂದ ಹೆಚ್ಚಿನವರು ಈ ಊರನ್ನು ಕಂಡಿರುವುದು ಮಾರ್ಗಶಿರದ ಚಳಿಯಲ್ಲಿ. ವೈಶಾಖದ ಮಾಣಿಕನಗರ ಬೇರೆಯೇ ಒಂದು ಊರು.

ಈ ಸೀಮೆಯ ನೆಲಕ್ಕೆ ಎರಡು ಬಣ್ಣ. ಎತ್ತರದಲ್ಲಿ ಜಂಬಿಟ್ಟಿಗೆಯ ಕೆಂಪು, ತಗ್ಗಿನಲ್ಲಿ ಎರೆಯ ಕಪ್ಪು. ಜಂಬಿಟ್ಟಿಗೆಯ ಕೆಂಪಿಗೆ ಕಾರಣ ಅದರಲ್ಲಿರುವ ಕಬ್ಬಿಣದ ಅಂಶ. ಮಳೆಗಾಲದಲ್ಲಿ ಈ ಎರಡೂ ಬಣ್ಣಗಳು ಹುಲ್ಲು ಪೈರುಗಳ ಕೆಳಗೆ ಮುಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಮಾತ್ರ ಭೂಮಿ ತನ್ನ ನಿಜವಾದ ಮೈಬಣ್ಣವನ್ನು ತೋರುತ್ತದೆ. ಫಾಲ್ಗುಣದಲ್ಲಿ ಎಲೆಯುದುರಿಸಿ ನಿಂತ ಮುತ್ತುಗದ ಮರಗಳು ಕೆಂಡದಂತೆ ಹೂ ಬಿಡುತ್ತವೆ. ಬೇವಿನ ಚಿಗುರಿನಲ್ಲಿ ತಾಮ್ರದ ಛಾಯೆಯಿರುತ್ತದೆ. ಆಮೇಲೆ ಕಕ್ಕೆಯ ಹಳದಿ ಗೊಂಚಲು, ಅದರ ಹಿಂದೆಯೇ ಗುಲ್‌ಮೊಹರಿನ ಕೆಂಪು. ಮಳೆಗಾಲಕ್ಕೆ ಒಂದೇ ಹಸಿರಾದರೆ ಬೇಸಿಗೆಗೆ ಹತ್ತು ಬಣ್ಣ.

ಇಂಥ ಬಣ್ಣಗಳನ್ನು ಬಯಲಿನಲ್ಲೇ ನಿಂತು ತೈಲವರ್ಣದಲ್ಲಿ ಹಿಡಿಯುವ ಪದ್ಧತಿ ಜಗತ್ತಿಗೆಲ್ಲ ಪರಿಚಯವಾದುದು ಫ್ರಾನ್ಸಿನಿಂದ. 1874ರಲ್ಲಿ ಪ್ಯಾರಿಸಿನ ತರುಣ ಕಲಾವಿದರು ತಮ್ಮದೇ ಪ್ರದರ್ಶನವೊಂದನ್ನು ಏರ್ಪಡಿಸಿದರು. ಅದರಲ್ಲಿದ್ದ ಕ್ಲೋದ್ ಮೊನೆಯ ಸೂರ್ಯೋದಯದ ಚಿತ್ರದ ಹೆಸರನ್ನೇ ಹಿಡಿದು ವಿಮರ್ಶಕನೊಬ್ಬ ಅವರನ್ನು 'ಇಂಪ್ರೆಷನಿಸ್ಟರು' ಎಂದು ಗೇಲಿ ಮಾಡಿದ. ಆ ಗೇಲಿಯೇ ಪಂಥದ ಹೆಸರಾಯಿತು. ವಸ್ತುವನ್ನಲ್ಲ, ವಸ್ತುವಿನ ಮೇಲೆ ಬಿದ್ದ ಬೆಳಕನ್ನು ಬರೆಯಬೇಕೆಂಬುದು ಅವರ ಹಟ. ಬಣ್ಣಗಳನ್ನು ಹಲಗೆಯ ಮೇಲೆ ಕಲಸಿ ಮಂಕು ಮಾಡದೆ, ಚಿಕ್ಕ ಚಿಕ್ಕ ಗೆರೆಗಳಾಗಿ ಕ್ಯಾನ್ವಾಸಿನ ಮೇಲೆ ಪಕ್ಕ ಪಕ್ಕದಲ್ಲಿ ಇಟ್ಟರು. ಹತ್ತಿರದಿಂದ ನೋಡಿದರೆ ಪ್ರತಿಯೊಂದೂ ಬೇರೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎಲ್ಲವೂ ಕೂಡಿ ಒಂದೇ ಬೆಳಕು. ಸಕಲಮತದ ಊರಿನಲ್ಲಿ ಈ ತತ್ತ್ವವನ್ನು ವಿವರಿಸುವುದು ಕಷ್ಟವಾಗಲಾರದು.

ಅವರ ಕೆಲಸವನ್ನು ಸುಲಭಗೊಳಿಸಿದ ಒಂದು ಸಣ್ಣ ವಸ್ತುವುಂಟು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಬಣ್ಣ ತುಂಬಿಡುವ ತವರದ ಕೊಳವೆಯನ್ನು ಕಂಡುಹಿಡಿದ. ಅದರಿಂದಾಗಿ ತೈಲವರ್ಣ ಒಣಗದೆ ಬಯಲಿಗೆ ಬರುವಂತಾಯಿತು. ಆ ಕೊಳವೆಯೊಳಗಿನ ಎಣ್ಣೆಯಾದರೋ ಉತ್ತರ ಕರ್ನಾಟಕದ ಅಡುಗೆಮನೆಗೆ ಹೊಸದಲ್ಲ. ರೊಟ್ಟಿಗೆ ನಂಚಿಕೊಳ್ಳುವ ಅಗಸೆ ಹಿಂಡಿಯ ಅದೇ ಅಗಸೆಯಿಂದ ತೆಗೆದ ಎಣ್ಣೆಯಲ್ಲಿ ಚಿತ್ರಕಾರನ ಬಣ್ಣವನ್ನು ಅರೆಯುತ್ತಾರೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ.

ಬೆಳಗಿನ ಆರೂವರೆಯಿಂದ ಎಂಟರವರೆಗೆ ಮಾಣಿಕನಗರದಲ್ಲಿ ಈ ಫ್ರೆಂಚ್ ಪಾಠ ಯಥಾವತ್ತಾಗಿ ನಡೆಯುತ್ತದೆ. ಬಿಸಿಲು ಓರೆಯಾಗಿ ಬೀಳುತ್ತದೆ. ಬೆಳಕಿಗೆ ಜೇನಿನ ಬಣ್ಣ. ಮರದ ನೆರಳು ನೆಲದುದ್ದಕ್ಕೂ ಚಾಚಿರುತ್ತದೆ. ಆ ನೆರಳು ಕಪ್ಪಲ್ಲ: ಸೂರ್ಯನ ಬೆಳಕು ತಲುಪದ ಜಾಗಕ್ಕೆ ನೀಲಿ ಆಕಾಶವೇ ಬೆಳಕು ಕೊಡುವುದರಿಂದ ನೆರಳಿಗೆ ನೇರಳೆಯ ಛಾಯೆ. ಕಪ್ಪು ಬಣ್ಣದ ಕೊಳವೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಗಾಢ ನೀಲಿಗೆ ಒಂದಿಷ್ಟು ಕೆಂಪು ಬೆರೆಸಿದರೆ ಕೆಲಸವಾಯಿತು.

ಕಷ್ಟವಿರುವುದು ಮಧ್ಯಾಹ್ನದಲ್ಲಿ. ಪ್ಯಾರಿಸ್ ಇರುವುದು ಸುಮಾರು 49ನೆಯ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬೇಸಿಗೆಯ ಅತ್ಯಂತ ದೀರ್ಘ ದಿನದಂದೂ ಸೂರ್ಯ ನೆತ್ತಿಗಿಂತ 25 ಡಿಗ್ರಿ ವಾಲಿಕೊಂಡೇ ಇರುತ್ತಾನೆ. ಆದುದರಿಂದ ನೆರಳು ಎಂದೂ ಮಾಯವಾಗದು. ಮಾಣಿಕನಗರವಾದರೋ 18ನೆಯ ಅಕ್ಷಾಂಶಕ್ಕೆ ಸಮೀಪದಲ್ಲಿದೆ. ಮೇ ತಿಂಗಳ ಎರಡನೆಯ ವಾರ, ಹನ್ನೆರಡೂಕಾಲರ ಸುಮಾರಿಗೆ, ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ನಿಂತ ಮನುಷ್ಯನ ನೆರಳು ಅವನ ಪಾದದಡಿಯಲ್ಲೇ ಅಡಗುತ್ತದೆ. ನೆರಳೇ ಇಲ್ಲದ ಚಿತ್ರವನ್ನು ಬರೆಯುವುದು ಹೇಗೆ? ಮೊನೆಯ ಚಿತ್ರಗಳಲ್ಲಿ ಇದಕ್ಕೆ ಉತ್ತರವಿಲ್ಲ; ಈ ಪ್ರಶ್ನೆ ಅವನ ನಾಡಿನಲ್ಲಿ ಹುಟ್ಟುವಂಥದೇ ಅಲ್ಲ.

ಉತ್ತರವನ್ನು ನೆಲವೇ ಕೊಡುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಸುಣ್ಣ ಬಳಿದ ಗೋಡೆಯೇ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುತ್ತದೆಂದು ಬುದ್ಧಿ ಹೇಳುತ್ತದೆ. ಕಣ್ಣು ಬೇರೆಯದನ್ನು ಹೇಳುತ್ತದೆ. ನೆತ್ತಿಯ ಬಿಸಿಲು ನೆಟ್ಟಗೆ ನಿಂತ ಗೋಡೆಯನ್ನು ಸವರಿಕೊಂಡು ಇಳಿದು, ಪೂರ್ಣವಾಗಿ ಬೀಳುವುದು ನೆಲದ ಮೇಲೆ. ಆಗ ಗೋಡೆಗಿಂತ ಕೆಂಪು ನೆಲವೇ ಹೆಚ್ಚು ಬೆಳಗುವುದುಂಟು. ಅಷ್ಟೇ ಅಲ್ಲ, ನೆಲದಿಂದ ಪುಟಿದ ಬೆಳಕು ಗೋಡೆಯ ಕೆಳಭಾಗಕ್ಕೆ ನಸುಗೆಂಪನ್ನು ಬಳಿಯುತ್ತದೆ; ಸೂರಿನ ಅಡಿಭಾಗಕ್ಕೆ, ದಾರಿಹೋಕನ ಬಿಳಿಯ ಧೋತರದ ಅಂಚಿಗೆ, ಬೇವಿನ ಕೆಳಗೊಂಬೆಗಳಿಗೆ ಕೂಡ. ಮಾಣಿಕನಗರದ ಮಧ್ಯಾಹ್ನಕ್ಕೆ ಎರಡು ಸೂರ್ಯರು: ಮೇಲೊಬ್ಬ, ಕೆಳಗೊಬ್ಬ. ಇದನ್ನರಿತವನು ನೆರಳನ್ನು ಹುಡುಕುವುದನ್ನು ಬಿಟ್ಟು, ಕೆಳಗಿನಿಂದ ಮೇಲಕ್ಕೆ ಬೆಳಕನ್ನು ಬರೆಯತೊಡಗುತ್ತಾನೆ.

ಆದರೆ ಶ್ರಮ ಸಣ್ಣದಲ್ಲ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಅಪರೂಪವಲ್ಲ. ಬಣ್ಣ ತೆಳುಮಾಡುವ ಟರ್ಪೆಂಟೈನು ಬಟ್ಟಲಿನಲ್ಲೇ ಹಾರಿಹೋಗುತ್ತದೆ. ಗಾಳಿ ಬೀಸಿದರೆ ಹಸಿ ಬಣ್ಣದ ಮೇಲೆ ದೂಳು ಕೂರುತ್ತದೆ. ಬೆಳಕು ಬದಲಾಗುವ ಮೊದಲೇ, ಅಂದರೆ ಒಂದೆರಡು ಗಂಟೆಗಳಲ್ಲಿ, ಹಸಿಯ ಮೇಲೆ ಹಸಿ ಬಣ್ಣವಿಟ್ಟು ಮುಗಿಸಬೇಕು. ಮೊನೆ 1890–91ರಲ್ಲಿ ಹುಲ್ಲುಬಣವೆಗಳನ್ನು ಬರೆದಾಗ ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಾಯಿಸುತ್ತಿದ್ದನು. ಮಾಣಿಕನಗರದಲ್ಲಿಯೂ ಬೆಳಗಿಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು ಬೇಕು. ಹಸಿ ಚಿತ್ರಗಳೆರಡನ್ನು ಎದುರುಬದುರಾಗಿಟ್ಟು, ನಡುವೆ ಮೂಲೆಗಳಲ್ಲಿ ಬಿರಡೆಯ ತುಂಡುಗಳನ್ನು ಸಿಕ್ಕಿಸಿ ಕಟ್ಟಿದರೆ ಅಳಿಸದೆ ಮನೆ ಸೇರುತ್ತವೆ.

ಚಿತ್ರಕಲೆಯ ಚಿಂತನೆ ಈ ಸೀಮೆಗೆ ಹೊಸದೂ ಅಲ್ಲ. ಪಶ್ಚಿಮದಲ್ಲಿರುವ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಗೇ ಒಂದು ಭಾಗವಿದೆ. ಗೋಡೆಯನ್ನು ಸಿದ್ಧಗೊಳಿಸುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ಮಾಡುವ ವಜ್ರಲೇಪ, ಕರುವಿನ ಕಿವಿಗೂದಲಿನ ಕುಂಚ, ಶಂಖದ ಬಿಳಿ, ಕಾವಿಯ ಕೆಂಪು ಎಲ್ಲವೂ ಅದರಲ್ಲಿ ಬಂದಿವೆ. ಕನ್ನಡಿಯಂತೆ ಪ್ರತಿಬಿಂಬಿಸುವ ಚಿತ್ರವನ್ನೂ, ಕಂಡೊಡನೆ ಭಾವವುಕ್ಕಿಸುವ ಚಿತ್ರವನ್ನೂ ಅರಸ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಕಾವಿಗೆ ಕೆಂಪು ಕೊಟ್ಟುದೂ, ಹುಮನಾಬಾದಿನ ನೆಲಕ್ಕೆ ಕೆಂಪು ಕೊಟ್ಟುದೂ ಒಂದೇ ಕಬ್ಬಿಣ.

ಹೀಗಿದ್ದೂ ಈ ಸೀಮೆಯ ಬೇಸಿಗೆ ಕ್ಯಾನ್ವಾಸಿಗೆ ಬಂದುದು ಕಡಿಮೆಯೇ. ಕಲಬುರಗಿ ಕೊಟ್ಟ ಮಹಾ ಕಲಾವಿದ ಎಸ್. ಎಂ. ಪಂಡಿತರು (1916–1993) ಪುರಾಣಚಿತ್ರಗಳಿಂದ ಮನೆಮಾತಾದರು. ಬಯಲಿನ ಬೆಳಕನ್ನು ಬೆನ್ನಟ್ಟಿದವರು ದಕ್ಷಿಣದಲ್ಲಿ ರುಮಾಲೆ ಚನ್ನಬಸವಯ್ಯನವರು (1910–1988). ಸ್ವಾತಂತ್ರ್ಯ ಹೋರಾಟಗಾರರೂ ಪತ್ರಿಕಾ ಸಂಪಾದಕರೂ ಆಗಿದ್ದ ಅವರು 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದು, ಬೆಂಗಳೂರಿನ ಹೂ ಬಿಟ್ಟ ಮರಗಳನ್ನು ಮರದ ಎದುರೇ ನಿಂತು ಬರೆದರು. ನಗರ ಬೆಳೆದು ಮರಗಳು ಉರುಳಿದ ಮೇಲೆ ಆ ಚಿತ್ರಗಳೇ ದಾಖಲೆಯಾಗಿ ಉಳಿದಿವೆ. ಬರೆಯದೆ ಬಿಟ್ಟ ನೋಟಕ್ಕೆ ಅಂಥ ಸಾಕ್ಷಿ ಉಳಿಯುವುದಿಲ್ಲ.

ಸಂಜೆ ಆರರ ಹೊತ್ತಿಗೆ ಸಂಗಮದ ಬಳಿ ಬೆಳಕು ಮತ್ತೆ ಓರೆಯಾಗುತ್ತದೆ. ಕೆಂಪು ನೆಲ ಕಿತ್ತಳೆಯಾಗುತ್ತದೆ, ದೂರದ ಎರೆಹೊಲ ನೀಲಿಯಾಗುತ್ತದೆ. ಆ ಹೊತ್ತಿನಲ್ಲಿ ಊರ ಮಕ್ಕಳು ಚಿತ್ರಕಾರನ ಸುತ್ತ ನೆರೆಯದೆ ಇರರು. ಶಾಲೆಯಲ್ಲಿ 'ನಿಸರ್ಗಚಿತ್ರ ಬರೆಯಿರಿ' ಎಂದರೆ ಈ ಮಕ್ಕಳೂ, ಬೆಂಗಳೂರಿನ ಮಕ್ಕಳೂ ಬರೆಯುವುದು ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ನದಿ, ದಡದಲ್ಲೊಂದು ತೆಂಗಿನ ಮರ. ತಮ್ಮೂರಿನ ಕೆಂಪು ನೆಲವಾಗಲಿ, ಮುತ್ತುಗದ ಹೂವಾಗಲಿ ಅದರಲ್ಲಿರುವುದಿಲ್ಲ. ಅದೂ ಚಿತ್ರಕ್ಕೆ ಯೋಗ್ಯವೆಂದು ಅವರಿಗೆ ಯಾರೂ ತೋರಿಸಿಲ್ಲ. ತಮ್ಮ ಬೀದಿಯ ಗೋಡೆ ಕ್ಯಾನ್ವಾಸಿನ ಮೇಲೆ ನಸುಗೆಂಪಾಗಿ ಮೂಡಿದುದನ್ನು ಕಂಡ ಹುಡುಗ ಒಮ್ಮೆ ತಿರುಗಿ ನಿಜವಾದ ಗೋಡೆಯನ್ನು ನೋಡಿದನಾದರೆ, ಬೇಸಿಗೆಯ ಅಷ್ಟು ಬಿಸಿಲನ್ನು ತಲೆಯ ಮೇಲೆ ಹೊತ್ತುದಕ್ಕೆ ಫಲ ದೊರೆತಂತೆಯೇ.