ಓರೆ ಚೌಕದ ಗ್ಲೌಸ್

ಬೆರಳಿಲ್ಲದ ಗ್ಲೌಸ್ ಹೆಣೆಯುತ್ತಿದ್ದೇನೆ ಎಂದರೆ ನಮ್ಮ ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

"ಅಲ್ಲ ಕಣೇ, ಬೆರಳೇ ಮುಚ್ಚದ ಮೇಲೆ ಅದು ಗ್ಲೌಸ್ ಹೇಗಾಗುತ್ತೆ?" ಎಂದರು ಅತ್ತೆ.

"ಫೋನ್ ಒತ್ತೋಕೆ ಬೆರಳು ಹೊರಗಿರಬೇಕಲ್ಲ ಅತ್ತೆ."

"ಚಳಿ ಆಗೋದು ಬೆರಳಿಗೆ. ಅದನ್ನ ಬಿಟ್ಟು ಅಂಗೈಗೆ ಸ್ವೆಟರ್ ಹಾಕ್ತೀಯಾ?"

ತರ್ಕದಲ್ಲಿ ಅತ್ತೆಯನ್ನು ಗೆದ್ದವರು ನಮ್ಮ ವಂಶದಲ್ಲಿಲ್ಲ. ಆದರೆ ಬೆಂಗಳೂರಿನ ಆಫೀಸುಗಳಲ್ಲಿ ಏಸಿಯ ನೇರ ಕೆಳಗೆ ಕೂತು ಹಗಲಿಡೀ ಕೀಬೋರ್ಡ್ ಕುಟ್ಟುವ ಹುಡುಗಿಯರನ್ನು ಕೇಳಿ ನೋಡಿ, ಈ ಅರ್ಧಂಬರ್ಧ ಗ್ಲೌಸಿನ ಬೆಲೆ ಗೊತ್ತಾಗುತ್ತದೆ. ನಾನು ಹೆಣೆಯುತ್ತಿರುವುದೂ ಅಂಥ ಒಬ್ಬಳಿಗೇ, ನನ್ನ ಅಕ್ಕನ ಮಗಳಿಗೆ. ಚಿತ್ರ ನೋಡಿ ಆರಿಸಿದವಳೂ ಅವಳೇ. ಆರಿಸಿದ್ದು ಎಂಟ್ರಲ್ಯಾಕ್.

ಎಂಟ್ರಲ್ಯಾಕ್ ಎಂಬುದು ನೋಡುವವರ ಕಣ್ಣಿಗೆ ಮಣ್ಣೆರಚುವ ವಿದ್ಯೆ. ಎರಡು ಬೆರಳಗಲದ ಪಟ್ಟಿಗಳನ್ನು ಬೇರೆ ಬೇರೆ ಹೆಣೆದಿಟ್ಟುಕೊಂಡು, ಆಮೇಲೆ ಈಚಲು ಚಾಪೆಯ ಹಾಗೆ ಒಂದರಡಿ ಒಂದು ತೂರಿಸಿದಂತೆ ಕಾಣುತ್ತದೆ. ಅಲ್ಲಿ ತೂರಿಸಿದ್ದು ಏನೂ ಇಲ್ಲ, ಪಟ್ಟಿಯೂ ಇಲ್ಲ. ಇರುವುದು ಒಂದಕ್ಕೊಂದು ಒರಗಿ ನಿಂತ ಸಣ್ಣ ಸಣ್ಣ ಚೌಕಗಳು. ಒಂದು ಸುತ್ತಿನ ಚೌಕಗಳು ಎಡಕ್ಕೆ ವಾಲುತ್ತವೆ, ಅದರ ಮೇಲಿನ ಸುತ್ತಿನವು ಬಲಕ್ಕೆ. ನೂಲು ಮೊದಲಿನಿಂದ ಕೊನೆಯವರೆಗೆ ಒಂದೇ. ಸ್ವೀಡನ್ನಿನಲ್ಲಿ ಇದನ್ನು ಭೂರ್ಜ ತೊಗಟೆಯ ಹೆಣಿಗೆ ಎನ್ನುತ್ತಾರೆ. ಆ ಕಡೆಯ ಜನ ಭೂರ್ಜದ ತೊಗಟೆ ಸೀಳಿ ಬುಟ್ಟಿ ಹೆಣೆಯುತ್ತಾರೆ, ಅದೇ ವಿನ್ಯಾಸ ಉಣ್ಣೆಯಲ್ಲೂ ಬಂತು. ಫಿನ್ಲೆಂಡಿನವರೂ ಬೆನ್ನಿಗೆ ಹಾಕಿಕೊಳ್ಳುವ ತೊಗಟೆ ಬುಟ್ಟಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ.

ಕಲಿಸುವವರೆಲ್ಲ ಹೇಳುವುದು ಒಂದೇ ಮಾತು: ಮೊದಲು ಒಂದು ಸ್ಕಾರ್ಫ್ ಮಾಡಿ, ಕೈ ಕೂತ ಮೇಲೆ ಗ್ಲೌಸಿಗೆ ಹೋಗಿ. ನಾನು ಇದನ್ನು ಒಪ್ಪುವುದಿಲ್ಲ. ಸ್ಕಾರ್ಫಿಗೆ ಎರಡು ಅಂಚುಗಳಿವೆ. ಓರೆ ಚೌಕ ಅಂಚಿಗೆ ಬಂದಾಗ ಅಲ್ಲಿ ಅರ್ಧ ಚೌಕವೇ, ಅಂದರೆ ತ್ರಿಕೋನವೇ ಆಗಬೇಕು. ಎಡದಂಚಿನ ತ್ರಿಕೋನಕ್ಕೆ ಒಂದು ಕ್ರಮ, ಬಲದಂಚಿನದಕ್ಕೆ ಇನ್ನೊಂದು. ಹೊಸಬರ ತಲೆ ಕೆಡುವುದು ಅಲ್ಲಿಯೇ. ಗ್ಲೌಸ್ ಸುತ್ತಿನ ಹೆಣಿಗೆ, ಅದಕ್ಕೆ ಅಂಚೇ ಇಲ್ಲ. ಬುಡದಲ್ಲೊಂದು ಸಾಲು ತ್ರಿಕೋನ, ತುದಿಯಲ್ಲೊಂದು ಸಾಲು ತ್ರಿಕೋನ, ನಡುವೆ ಬರೀ ಚೌಕ.

ಶುರುವಿಗೆ ತೆಳ್ಳನೆಯ ಉಲ್ಲನ್, ಮೂರೂಕಾಲು ಮಿ.ಮೀ. ಕಡ್ಡಿ. ಮಣಿಕಟ್ಟಿನ ಬಾರ್ಡರಿಗೆ 40 ಕುಣಿಕೆ ಹಾಕಿ, ಒಂದು ಸೀದಾ ಒಂದು ಉಲ್ಟಾ ಎಂದು ಐದಾರು ಸೆಂ.ಮೀ. ಹೆಣೆಯುವುದು. ಅಲ್ಲಿವರೆಗೆ ಯಾರಿಗಾದರೂ ಬರುತ್ತದೆ. ಆಮೇಲೆ ಪ್ಯಾಟರ್ನ್ ಒಂದು ವಿಚಿತ್ರ ಹೇಳುತ್ತದೆ: ಎರಡು ಹೆಣೆ, ಮುಂದಿನ ಎರಡನ್ನು ಸೇರಿಸಿ ಒಂದು ಮಾಡು, ಸುತ್ತಿನುದ್ದಕ್ಕೂ ಹೀಗೇ. 40 ಹೋಗಿ 30 ಆಯಿತು. ಅಂಗೈ ಮಣಿಕಟ್ಟಿಗಿಂತ ಅಗಲ, ಕುಣಿಕೆ ಮಾತ್ರ ಕಡಿಮೆ! ಅಚ್ಚಿನ ತಪ್ಪಿರಬೇಕು ಎಂದುಕೊಂಡು ಇಲ್ಲಿ ಕೈಬಿಟ್ಟವರು ಎಷ್ಟೋ ಮಂದಿ. ತಪ್ಪಲ್ಲ. ಚೌಕ ಓರೆಯಾಗಿ ನಿಂತಿದೆ, ಸುತ್ತಳತೆಗೆ ಸಿಗುವುದು ಅದರ ಬಾಹುವಲ್ಲ, ಕರ್ಣ. ಕರ್ಣ ಬಾಹುವಿನ ಸುಮಾರು 1.4 ಪಟ್ಟು. ಯಜ್ಞವೇದಿಗೆ ಇಟ್ಟಿಗೆ ಜೋಡಿಸಲು ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿದ ಲೆಕ್ಕ ಅತ್ತೆಯ ಕಣ್ಣಿಗೆ ಗ್ಲೌಸೇ ಅಲ್ಲದ ಈ ಗ್ಲೌಸಿನಲ್ಲೂ ಇದೆ. ಹೆಣಿಗೆಯಲ್ಲಿ ಅಗಲ ಇನ್ನೂ ತುಸು ಹೆಚ್ಚೇ ಸಿಗುತ್ತದೆ.

ಈಗ ಆ 30 ಕುಣಿಕೆಗಳಲ್ಲಿ ಆರಾರರ ಐದು ತ್ರಿಕೋನ. ಎರಡು ಹೆಣೆದು ತಿರುಗಿಸಿ, ಅದೇ ಎರಡನ್ನು ಉಲ್ಟಾ ಹೆಣೆದು ಮತ್ತೆ ತಿರುಗಿಸಿ. ಈಗ ಮೂರು, ತಿರುಗಿಸಿ, ಮೂರು ಉಲ್ಟಾ, ತಿರುಗಿಸಿ, ಆಮೇಲೆ ನಾಲ್ಕು. ಆರು ಹೆಣೆದಾಗ ತಿರುಗಿಸದೆ ಹಾಗೇ ಮುಂದಿನ ತ್ರಿಕೋನಕ್ಕೆ ಹೊರಡಬೇಕು. ಐದೂ ಮುಗಿದಾಗ ಕಡ್ಡಿಯ ಮೇಲೆ ಇರುವುದು ಸುರುಟಿಕೊಂಡ ಒಂದು ಗೊಂಚಲು. ಇದರಿಂದ ಏನಾದರೂ ಆದೀತು ಎಂದು ದೇವರಾಣೆಗೂ ಅನ್ನಿಸುವುದಿಲ್ಲ. ಬಿಚ್ಚಿ ಹಾಕಲು ಕೈ ತುರಿಸುತ್ತದೆ. ಬಿಚ್ಚಬೇಡಿ. ಮುಂದಿನ ಸುತ್ತಿನ ಎರಡು ಚೌಕ ಆಗುವವರೆಗೆ ಅದಕ್ಕೆ ರೂಪ ಬರುವುದಿಲ್ಲ.

ಚೌಕದ ಸುತ್ತಿಗೆ ಇಡೀ ಹೆಣಿಗೆಯನ್ನು ತಿರುವಿ ಒಳಮೈ ಕಡೆಯಿಂದ ಹೊರಡಬೇಕು. ತ್ರಿಕೋನದ ಓರೆ ಅಂಚಿನಿಂದ ಆರು ಕುಣಿಕೆ ಎತ್ತಿಕೊಂಡು, ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು. ಬರುವ ಸಾಲಿನ ಕೊನೆಯ ಕುಣಿಕೆಯ ಜೊತೆ ಪಕ್ಕದ ತ್ರಿಕೋನದ ಒಂದು ಕುಣಿಕೆ ಸೇರಿಸಿ ಹೆಣೆಯುವುದು. ಪಕ್ಕದವನ ಆರೂ ಖಾಲಿಯಾಗುವ ಹೊತ್ತಿಗೆ 12 ಸಾಲು, ಒಂದು ಚೌಕ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ಆಚೆ ಕಡ್ಡಿಗೆ ದಾಟಿಸಿದರೆ ಅಂಚಿನಲ್ಲಿ ಚೊಕ್ಕವಾದ ಸರಪಳಿ ಬೀಳುತ್ತದೆ. 12 ಸಾಲಿಗೆ ಆರು ಕೊಂಡಿ, ಮೇಲಿನ ಚೌಕಕ್ಕೆ ಎತ್ತಿಕೊಳ್ಳಲು ಬೇಕಾದದ್ದೂ ಆರೇ. ಇದನ್ನು ಕಂಡುಹಿಡಿದ ಪುಣ್ಯಾತ್ಗಿತ್ತಿಯ ಹೆಸರು ಯಾವ ಪುಸ್ತಕದಲ್ಲೂ ಇದ್ದಂತಿಲ್ಲ.

ಬೇಸರವೆಂದರೆ ತಿರುಗಿಸುವುದು. ಚೌಕಕ್ಕೆ 12 ಸಾಲು, ಸುತ್ತಿಗೆ ಐದು ಚೌಕ, ಅಂದರೆ ಸುಮಾರು 60 ಸಲ ಹೊರಳಿಸಬೇಕು. ಪಳಗಿದವರು ತಿರುಗಿಸದೆ ಎಡದಿಂದ ಬಲಕ್ಕೆ ಹಿಮ್ಮುಖವಾಗಿ ಹೆಣೆಯುತ್ತಾರೆ. ಆರೇ ಕುಣಿಕೆಯ ಸಾಲಾದ್ದರಿಂದ ಈ ವಿದ್ಯೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಉಲ್ಲನ್ ಬಗ್ಗೆ ಒಂದು ಮಾತು. ಜಪಾನಿನ ನೋರೊದವರ ಉಂಡೆಗಳಂತೆ, ಬಣ್ಣ ತಾನಾಗಿ ನಿಧಾನಕ್ಕೆ ಬದಲಾಗುವ ನೂಲು ಸಿಕ್ಕರೆ ಒಂದೊಂದು ಚೌಕ ಒಂದೊಂದು ಬಣ್ಣಕ್ಕೆ ತಿರುಗಿ, ನೋಡಿದವರು ಹತ್ತು ಉಂಡೆ ಬಳಸಿದ್ದೀರಾ ಎನ್ನುತ್ತಾರೆ. ಕಲಿಯುವಾಗ ಅದೆಲ್ಲ ಬೇಡ, ನಮ್ಮೂರ ಅಂಗಡಿಯ ಅಕ್ರಿಲಿಕ್ ಸಾಕು. ಕಪ್ಪು ಮಾತ್ರ ತರಬೇಡಿ, ರಾತ್ರಿ ದೀಪದಲ್ಲಿ ಕುಣಿಕೆ ಕಾಣುವುದಿಲ್ಲ.

ಹೆಬ್ಬೆರಳಿಗೆ ಹೆದರಬೇಕಿಲ್ಲ. ಮೂರು ಸುತ್ತು ಚೌಕವಾದ ಮೇಲೆ ತುದಿಯ ತ್ರಿಕೋನಗಳಿಂದ ಮಟ್ಟ ಮಾಡಿ, ಮತ್ತೆ 40 ಕುಣಿಕೆ ಎತ್ತಿ ಬಾರ್ಡರ್ ಹೆಣಿಗೆಗೆ ಬನ್ನಿ. ಅಲ್ಲಿ ಸುತ್ತುವುದನ್ನು ಬಿಟ್ಟು ನಾಲ್ಕು ಸೆಂ.ಮೀ. ಹಿಂದಕ್ಕೂ ಮುಂದಕ್ಕೂ ಹೆಣೆದರೆ ಸೀಳು ತಾನಾಗಿ ಬೀಳುತ್ತದೆ. ಆಮೇಲೆ ಮತ್ತೆ ಸುತ್ತಿ ಮುಗಿಸಿ. ಮೊದಲನೆಯದು ಮುಗಿದ ದಿನವೇ ಎರಡನೆಯದಕ್ಕೆ ಕುಣಿಕೆ ಹಾಕಿಬಿಡಿ. ತಿಂಗಳು ಬಿಟ್ಟು ಕೂತರೆ ಕೈಯ ಬಿಗಿ ಬದಲಾಗಿ, ಒಂದು ಗ್ಲೌಸ್ ನಿಮಗೆ, ಇನ್ನೊಂದು ಮಗುವಿಗೆ ಆಗುತ್ತದೆ.