ಕುರುವಪುರದಲ್ಲಿ ನಾಲ್ಕು ದಿನ

ದ್ವೀಪವೆಂದೊಡನೆ ನಮ್ಮ ಜನಕ್ಕೆ ಸಮುದ್ರವೇ ಕಣ್ಣಮುಂದೆ ಬರುವುದು. ಲಂಕೆ, ಅಂಡಮಾನ, ಇಲ್ಲವೆ ಈಗಿನ ಮಕ್ಕಳು ಚಿತ್ರದಲ್ಲಿ ತೋರಿಸುವ ಮಾಲ್ದೀವು. ಶಬ್ದವನ್ನು ಬಿಡಿಸಿ ನೋಡಿದರೆ ಅದಕ್ಕೆ ಕಡಲಿನ ಹಂಗೇನೂ ಇಲ್ಲ. ‘ದ್ವಿ’ ಎಂಬುದರ ಮುಂದೆ ನೀರೆಂಬರ್ಥದ ‘ಅಪ್’ ಶಬ್ದವು ಬಂದು, ಪಾಣಿನಿಯ ವಿಧಿಯಂತೆ ಅದರ ಅಕಾರವು ಈಕಾರವಾಗಿ, ದ್ವೀಪವಾಯಿತು. ಎರಡು ಕಡೆಗೆ ನೀರುಳ್ಳದ್ದು ಎಂದಿಷ್ಟೇ ಅರ್ಥ. ಅಂದಮೇಲೆ ಹೊಳೆಯ ನಡುಗಡ್ಡೆಗೂ ಆ ಹೆಸರಿನಲ್ಲಿ ಸಮಪಾಲುಂಟು. ಕನ್ನಡದಲ್ಲಿ ಇದಕ್ಕೆ ‘ಕುರುವ’ ಎಂಬ ಹಳೆಯ ಮಾತಿದೆ. ಆ ಮಾತನ್ನೇ ಹೆಸರಾಗಿ ಉಳಿಸಿಕೊಂಡ ಊರು ರಾಯಚೂರು ತಾಲೂಕಿನ ಕುರುವಪುರ. ಕೃಷ್ಣೆಯು ಅದರ ಇಕ್ಕೆಲಗಳಲ್ಲಿಯೂ ಹರಿಯುವಳು. ಒಂದು ದಡ ಕರ್ನಾಟಕ, ಇನ್ನೊಂದು ದಡ ತೆಲಂಗಾಣ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ನಮ್ಮಂಥವರಿಗೆ ಆ ಊರು ತೀರ ಪರಕೀಯವಾದುದಲ್ಲ. ಆಳಂದದ ಕಡೆಯ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವಳು. ಭೀಮೆಯು ಅಫಜಲಪುರದ ಹೊಲಗಳನ್ನು ಬಳಸಿ, ಜೇವರ್ಗಿಯ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ನುಸುಳಿ, ಯಾದಗಿರಿಯನ್ನು ದಾಟಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಸೇರಿಹೋಗುವಳು. ಕುರುವಪುರವಿರುವುದು ಆ ಸಂಗಮದಿಂದ ಕೆಳಗೆ. ನಮ್ಮ ಬಚ್ಚಲ ನೀರೂ ಒಂದಿಲ್ಲೊಂದು ದಿನ ಅಲ್ಲಿಗೆ ಮುಟ್ಟುವುದೇ ಸರಿ!

೨೦೧೭ರ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ವಾರ ಕಳೆದಿದ್ದಿತು. ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗನು ಹೆಂಡತಿಮಕ್ಕಳೊಡನೆ ನಾತಾಳದ ರಜೆಗೆಂದು ಊರಿಗೆ ಬಂದಿದ್ದನು. ರಜೆಯೆಂದರೆ ಅವನಿಗೆ ಎರಡು ದಿನದಲ್ಲಿ ಆರು ಊರು. ಕಾರಿನಿಂದ ಇಳಿಯುವುದು, ಚಿತ್ರ ತೆಗೆಯುವುದು, ಮತ್ತೆ ಏರುವುದು. ನಾನು ಕುರುವಪುರದ ಹೆಸರೆತ್ತಿದಾಗ ಅವನು ಕೇಳಿದ ಮೊದಲ ಪ್ರಶ್ನೆ, “ಅಪ್ಪಾ, ಅಲ್ಲೀತನಕ ಕಾರು ಹೋಗ್ತದೇನು?” ಎಂಬುದು.

“ಹೋಗೂದಿಲ್ಲ. ಅದಕ್ಕೇ ಹೋಗೂಣು ಅಂತೀನಿ” ಎಂದೆನು. ಹನ್ನೆರಡು ವರ್ಷದ ಮೊಮ್ಮಗಳು ನಕ್ಕಳು, ಸೊಸೆಯೂ ನಕ್ಕಳು. ಅಲ್ಲಿಗೆ ನಿರ್ಣಯವಾಯಿತು.

ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಉಗಿಬಂಡಿಯನ್ನೇರಿದೆವು. ಈಗ ಅದಕ್ಕೆ ಉಗಿಯಿಲ್ಲವಾದರೂ ನಮ್ಮ ನಾಲಗೆಗೆ ಹಳೆಯ ಹೆಸರೇ ರೂಢಿ. ಕಲಬುರಗಿ, ಫರಸೀಕಲ್ಲಿನ ಶಹಾಬಾದ, ವಾಡಿ, ಯಾದಗಿರಿ ಒಂದೊಂದಾಗಿ ಹಿಂದೆ ಸರಿದವು. ಇದು ೧೮೭೧ರಲ್ಲಿ ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಒಂದನ್ನೊಂದು ಮುಟ್ಟಿದ ದಾರಿ. ಕೃಷ್ಣಾ ನಿಲ್ದಾಣದ ಬಳಿ ಸೇತುವೆಯ ಮೇಲೆ ಬಂಡಿ ಸದ್ದುಮಾಡುವಾಗ ಎದುರಿಗಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ನಾಣ್ಯವನ್ನೆಸೆದು ಕೈಮುಗಿದಳು. ರಾಯಚೂರಿನಲ್ಲಿ ಇಳಿದು, ಬಾಡಿಗೆಯ ಬಂಡಿಯಲ್ಲಿ ಹೊಳೆದಂಡೆಯ ಆತ್ಕೂರನ್ನು ಮುಟ್ಟಿದಾಗ ಮಧ್ಯಾಹ್ನ ಇಳಿದಿದ್ದಿತು. ಅಲ್ಲಿಂದ ಮುಂದೆ ಹರಿಗೋಲು.

ಹರಿಗೋಲಿನ ವಿಷಯ ನಾಲ್ಕು ಮಾತು ಹೆಚ್ಚಾಗಿ ಬರೆದರೆ ವಾಚಕರು ಬೇಸರಿಸಲಾರರೆಂದು ನಂಬಿದ್ದೇನೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ವರ್ತಕ ಡೊಮಿಂಗೊ ಪಾಯಸನು ತುಂಗಭದ್ರೆಯಲ್ಲಿ ಇದನ್ನು ಕಂಡು ಬೆರಗಾಗಿ, ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡು, ಹದಿನೈದಿಪ್ಪತ್ತು ಜನರನ್ನೂ ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಈಗ ತೊಗಲಿನ ಬದಲು ಡಾಂಬರು ಬಳಿದ ಗೋಣಿಯೋ ಪ್ಲಾಸ್ಟಿಕ್ಕಿನ ಹಾಳೆಯೋ ಬಂದಿದೆ, ಉಳಿದುದೆಲ್ಲ ಅದೇ. ಮುಂದೆ-ಹಿಂದೆ ಎಂಬ ಭೇದವಿಲ್ಲದ ಈ ವಾಹನವನ್ನು ನಾಗರಿಕರು ಕಂಡು ನಗುವುದುಂಟು. ಬಂಡೆಗಳೇ ತುಂಬಿದ ನಮ್ಮ ಹೊಳೆಗಳಿಗೆ ಇದಕ್ಕಿಂತ ತಕ್ಕುದು ಬೇರೊಂದಿಲ್ಲ. ತಳವು ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ತೇಲುವುದು. ಬಂಡೆಗೆ ತಾಗಿದರೆ ಬಿದಿರು ಬಾಗುವುದೇ ಹೊರತು ಒಡೆಯದು. ಅಂಬಿಗನು ನೆಟ್ಟಗೆ ಎದುರು ದಡಕ್ಕೆ ಹೊರಡುವುದಿಲ್ಲ. ಮೊದಲು ದಂಡೆಗುಂಟ ಹರಿವಿಗೆದುರಾಗಿ ಹರಿಗೋಲನ್ನು ಎಳೆದೊಯ್ದು, ಅಲ್ಲಿಂದ ಓರೆಯಾಗಿ ಬಿಡುವನು. ಹುಟ್ಟು ಅರ್ಧ ಕೆಲಸ ಮಾಡಿದರೆ ಹೊಳೆ ಅರ್ಧ ಮಾಡುವುದು. ಎಂಟು ವರ್ಷದ ಮೊಮ್ಮಗನು, “ಅಜ್ಜಾ, ಇವರು ಉಲ್ಟಾ ಯಾಕ ಹೊಂಟಾರ?” ಎಂದು ಕೇಳಿದನು. ನಾನು ಬಾಯಿ ತೆರೆಯುವುದರೊಳಗಾಗಿ ಅಂಬಿಗನು ತನ್ನ ಹುಟ್ಟಿನಿಂದ ಮರಳಿನ ಮೇಲೆ ಎರಡು ಗೆರೆ ಎಳೆದು ತೋರಿಸಿಬಿಟ್ಟನು. ಮೂವತ್ತೈದು ವರ್ಷ ಹಲಗೆಯ ಮುಂದೆ ನಿಂತ ನನಗೆ ಅಷ್ಟು ಚೊಕ್ಕಟವಾದ ಪಾಠವನ್ನು ಕಂಡು ಸಂತೋಷವಾಯಿತು.

ನಡುಗಡ್ಡೆಯ ಮೇಲೆ ಕಾಲಿಟ್ಟಾಗ ಮೊದಲು ತಿಳಿಯುವುದು ಸಪ್ಪಳವಿಲ್ಲದಿರುವುದು. ಕೋಳಿ ಕೂಗುವುದು, ಯಾರೋ ಕೊಡ ಇಡುವುದು, ದೂರದಲ್ಲಿ ನೀರು ಬಂಡೆಗೆ ಬಡಿಯುವುದು, ಎಲ್ಲವೂ ಬೇರೆಬೇರೆಯಾಗಿ ಕಿವಿಗೆ ಬೀಳುವುವು. ಅರ್ಚಕರೊಬ್ಬರ ಮನೆಯಲ್ಲಿ ಒಂದು ಕೋಣೆಯೂ ಒಂದು ಪಡಸಾಲೆಯೂ ನಮಗೆ ದೊರೆತವು, ಊಟವೂ ಅಲ್ಲಿಯೇ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಪುಂಡಿಪಲ್ಯ, ಗಟ್ಟಿ ಮೊಸರು. ಜೊತೆಗೆ ನಮ್ಮ ಮನೆಯವರು ಕಟ್ಟಿಕೊಂಡು ಬಂದಿದ್ದ ಶೇಂಗಾ ಹಿಂಡಿ.

ದತ್ತಸಂಪ್ರದಾಯದವರಿಗೆ ಈ ಸ್ಥಳದ ಮಹಿಮೆಯನ್ನು ಹೇಳಬೇಕಾದುದಿಲ್ಲ. ಪೀಠಾಪುರದಲ್ಲಿ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ಇಲ್ಲಿ ನೆಲಸಿದರೆಂದೂ, ಅವರೇ ಮರಳಿ ನೃಸಿಂಹ ಸರಸ್ವತಿಗಳಾಗಿ ಬಂದು ನಮ್ಮ ಗಾಣಗಾಪುರದಲ್ಲಿ ನಿಂತರೆಂದೂ ‘ಗುರುಚರಿತ್ರೆ’ಯು ಹೇಳುವುದು. ಆ ಗ್ರಂಥವು ಮರಾಠಿಯದು. ಅದನ್ನು ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡವಾಗಿದ್ದಿತೆಂಬುದನ್ನು ನಮ್ಮವರು ಇನ್ನಷ್ಟು ನೆನೆಯಬೇಕು. ಟೆಂಬೆ ಸ್ವಾಮಿಗಳೆಂದು ಪ್ರಸಿದ್ಧರಾದ ವಾಸುದೇವಾನಂದ ಸರಸ್ವತಿಗಳು ೧೯೧೧ರಲ್ಲಿ ಇಲ್ಲಿ ಚಾತುರ್ಮಾಸ್ಯ ಮಾಡಿದರು. ಅವರು ಕುಳಿತ ಗವಿಯನ್ನು ಈಗಲೂ ತೋರಿಸುವರು.

ಗುರುಚರಿತ್ರೆಯಲ್ಲಿ ಈ ದಡದ ಅಗಸನೊಬ್ಬನ ಕಥೆಯಿದೆ. ಬಟ್ಟೆ ಒಗೆಯುತ್ತಿದ್ದವನು, ಒಬ್ಬ ಅರಸನು ಪರಿವಾರಸಮೇತನಾಗಿ ನಾವೆಯಲ್ಲಿ ಜಲಕ್ರೀಡೆಯಾಡುವುದನ್ನು ಕಂಡು, ಒಗೆಯುವುದನ್ನು ಮರೆತು ನಿಂತನಂತೆ. ಗುರುಗಳು ಅವನ ಮನಸ್ಸಿನಾಸೆಯನ್ನು ಅರಿತು, ಮುಂದಿನ ಜನ್ಮದಲ್ಲಿ ನೀನೇ ಬೀದರಿನ ಅರಸನಾಗು ಎಂದರಂತೆ. ಕಥೆಯನ್ನು ರಾತ್ರಿ ಪಡಸಾಲೆಯಲ್ಲಿ ಹೇಳಿದಾಗ ಮೊಮ್ಮಗಳು ಕೇಳಿದಳು: “ಅಜ್ಜಾ, ಆ ಅರಸಗ ದಂಡ್ಯಾಗ ನಿಂತಾವ ಕಂಡಿದ್ದನೇನು?” ಗ್ರಂಥದಲ್ಲಿ ಅದಕ್ಕೆ ಉತ್ತರವಿಲ್ಲ.

ಮೊದಲ ದಿನ ಮಗನು ಮೊಬೈಲನ್ನು ಎತ್ತಿ ಹಿಡಿದು ಊರೆಲ್ಲ ತಿರುಗಿದನು. ಎರಡನೆಯ ದಿನ ಬೆಳಿಗ್ಗೆ, “ನಾಳೆ ಹೊರಟರಾಯ್ತಲ್ಲ?” ಎಂದನು. ಸೊಸೆಯು ಮಾತಾಡಲಿಲ್ಲ. ನಮ್ಮ ಮನೆಯವರು ಮಾತ್ರ, “ನಾಕು ದಿನ ಅಂತ ಬಂದೀವಿ, ನಾಕು ದಿನ ಇರೂಣು” ಎಂದರು. ಅವರಿಗೆ ಮೊಣಕಾಲು ನೋವು. ಊರಿನಲ್ಲಿ ಬೀದಿ ದಾಟಬೇಕಾದರೆ ಬಂಡಿಗಳ ಭಯದಿಂದ ನನ್ನ ತೋಳು ಹಿಡಿಯುವವರು, ಇಲ್ಲಿ ಒಬ್ಬರೇ ಕೋಲೂರಿಕೊಂಡು ದೇವಸ್ಥಾನಕ್ಕೂ ಹೊಳೆದಂಡೆಗೂ ದಿನಕ್ಕೆ ಎರಡು ಸಲ ಹೋಗಿಬರುತ್ತಿದ್ದರು. ಅದನ್ನು ಕಂಡು ಮಗನು ಸುಮ್ಮನಾದನು. ಮೂರನೆಯ ದಿನ ಮಧ್ಯಾಹ್ನ ಅವನು ಮರದಡಿಯಲ್ಲಿ ಚಾಪೆ ಹಾಸಿ ಮೂರು ಗಂಟೆ ನಿದ್ರೆ ಮಾಡಿದನು. ಹೈಸ್ಕೂಲು ಬಿಟ್ಟಂದಿನಿಂದ ಅವನು ಹಗಲು ನಿದ್ರಿಸಿದುದನ್ನು ನಾನು ಕಂಡಿರಲಿಲ್ಲ.

ಹೋಗಬಯಸುವ ಗೃಹಸ್ಥರಿಗೆ ಒಂದೆರಡು ಸೂಚನೆ. ಮಳೆಗಾಲದಲ್ಲಿ ಹೋಗಬಾರದು. ಆಶ್ವಯುಜ ಬಹುಳ ದ್ವಾದಶಿಗೂ ದತ್ತಜಯಂತಿಗೂ ಜನಸಂದಣಿ ಬಹಳ. ಶಾಂತತೆಗೆಂದು ಹೋಗುವವರಿಗೆ ಅದು ಕಾಲವಲ್ಲ. ನಿತ್ಯದ ಔಷಧಿ, ಬ್ಯಾಟರಿ, ಹೊದಿಕೆ ಜೊತೆಗಿರಲಿ. ರಾಯಚೂರಿನ ಕೃಷ್ಣೆಯಲ್ಲಿ ಮೊಸಳೆಗಳುಂಟು. ಊರವರು ತೋರಿಸಿದ ಕಡೆಯಲ್ಲಲ್ಲದೆ ಮಕ್ಕಳನ್ನು ನೀರಿಗಿಳಿಸಲಾಗದು.

ಮೂರನೆಯ ರಾತ್ರಿ ನಡೆದುದನ್ನು ಹೇಳದೆ ಬಿಟ್ಟರೆ ಈ ಲೇಖನವು ಅರ್ಧ ಸುಳ್ಳಾದೀತು. ಹತ್ತು ಗಂಟೆಯ ಮೇಲೆ ಹೊರಗೆ ಗದ್ದಲವಾಯಿತು. ಊರಿನ ಕೂಸೊಂದಕ್ಕೆ ಜ್ವರವೇರಿ ಸೆಳೆತ ಬಂದಿದ್ದಿತು. ನಮ್ಮನ್ನು ದಾಟಿಸಿದ ಅಂಬಿಗನೇ ಎದ್ದು ಬಂದನು. ಅರ್ಧಚಂದ್ರನ ಮಂಕು ಬೆಳಕಿನಲ್ಲಿ ತಾಯಿ ಕೂಸನ್ನೆತ್ತಿಕೊಂಡು ಹರಿಗೋಲಿನಲ್ಲಿ ಕುಳಿತಳು. ಮಗನು ತನ್ನ ಬ್ಯಾಟರಿ ಹಿಡಿದು ಜೊತೆಗೆ ಹೋದನು. ಹಗಲು ನಮಗೆ ವಿನೋದವಾಗಿದ್ದ ಆ ಓರೆದಾರಿಯು, ದಡದಲ್ಲಿ ನಿಂತು ಆ ಬೆಳಕಿನ ಚುಕ್ಕೆಯನ್ನು ನೋಡುತ್ತಿದ್ದ ನಮಗೆಲ್ಲರಿಗೂ ಮುಗಿಯಲೊಲ್ಲದಾಯಿತು. ದೈವಾನುಗ್ರಹದಿಂದ ಕೂಸು ಬದುಕಿತು. ಬೆಳಗಾಗುತ್ತಲೇ ಸುದ್ದಿ ಬಂದಿತು.

ಆ ಬೆಳಿಗ್ಗೆ ಅಂಬಿಗನೊಡನೆ ದಂಡೆಯಲ್ಲಿ ಕುಳಿತಿದ್ದೆನು. ಇಲ್ಲಿ ಗಾಡಿಗಳಿಲ್ಲದಿರುವುದು ನಮಗೆಷ್ಟು ಹಿತವಾಯಿತೆಂದು ನಮ್ಮ ಮನೆಯವರು ಮುಂಚಿನ ದಿನ ಅವನಿಗೆ ಹೇಳಿದ್ದರು. ಅವನು ಅದನ್ನು ನೆನಪಿಟ್ಟುಕೊಂಡು ಸಿಟ್ಟಿಲ್ಲದೆ ನುಡಿದನು: “ನಿಮಗ ನಾಕು ದಿನಾ ಛಂದರಿ ಮಾಸ್ತರ. ನಮಗ ವರ್ಷಾನಗಟ್ಲೆ ಅದ.” ಮಳೆ ಬೀಳುವುದು ಮಹಾಬಳೇಶ್ವರದಲ್ಲಿ, ಬಾಗಿಲು ತೆರೆಯುವುದು ನಾರಾಯಣಪುರದ ಅಣೆಕಟ್ಟಿನಲ್ಲಿ, ದಾರಿ ಮುಚ್ಚುವುದು ಇಲ್ಲಿ. ಆಕಾಶದಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುವುದು. ಆಗ ಕಾಯಿಲೆಯವರೂ ಬಸುರಿಯರೂ ಶಾಲೆಯ ಮಕ್ಕಳೂ ಇದ್ದಲ್ಲಿಯೇ ಇರಬೇಕು. ಇದೇ ಕೃಷ್ಣೆಯಲ್ಲಿ, ಮೇಲುಗಡೆ ಸುರಪುರ ತಾಲೂಕಿನ ನೀಲಕಂಠರಾಯನ ಗಡ್ಡೆಯಿಂದ, ೨೦೧೪ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬಳು ಒಣಗಿದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಮಹಾಪೂರವನ್ನು ಈಜಿ ಆಸ್ಪತ್ರೆ ಸೇರಿದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ನಾವು ಹೋಗಿಬಂದ ತರುವಾಯ, ೨೦೧೯ರ ಆಗಸ್ಟಿನ ಪೂರದಲ್ಲಿ ರಾಯಚೂರಿನ ನಡುಗಡ್ಡೆಗಳ ದಾರಿ ಮತ್ತೆ ಕಡಿದುಹೋಯಿತು. ಮರುವರ್ಷ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ ಜೇವರ್ಗಿಗಳ ಹಳ್ಳಿಗಳನ್ನು ಮುತ್ತಿದಾಗ, ನೀರು ಸುತ್ತುಗಟ್ಟಿದರೆ ಹೇಗಿರುವುದೆಂದು ನಮ್ಮವರಿಗೂ ತಿಳಿಯಿತು.

ಸೇತುವೆ ಬೇಕೆಂಬುದು ಈ ನಡುಗಡ್ಡೆಗಳ ಜನರ ಬಹುಕಾಲದ ಬೇಡಿಕೆ. ಯಾತ್ರಿಕರಲ್ಲಿ ಕೆಲವರು, ಸೇತುವೆಯಾದರೆ ಕ್ಷೇತ್ರದ ಶಾಂತತೆ ಕೆಡುವುದೆಂದು ನಿಟ್ಟುಸಿರಿಡುವುದನ್ನು ನಾನು ಕೇಳಿದ್ದೇನೆ. ಅವರ ಕೂಸಿಗೆ ಅಪರಾತ್ರಿಯಲ್ಲಿ ಸೆಳೆತ ಬಂದಿಲ್ಲ. ಶಾಂತತೆ ಬೇಕಾದವರು ಸೇತುವೆಯ ಆಚೆಯಲ್ಲಿ ಕಾರು ನಿಲ್ಲಿಸಿ ನಡೆದು ಬರಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹೊರಟೆವು. ಹರಿಗೋಲು ನಡುಹೊಳೆಗೆ ಬಂದಾಗ ಮೊಮ್ಮಗಳು ಅಂಬಿಗನನ್ನು ಕೇಳಿದಳು: “ಕಾಕಾ, ಸೇತುವೆ ಆದಮ್ಯಾಲ ನೀವು ಏನು ಮಾಡ್ತೀರಿ?”

ಅವನು ಹುಟ್ಟು ಎತ್ತಿ ಹಿಡಿದು ನಕ್ಕನು. “ಮೊದಲನೇ ದಿನಾ ನಾನs ನಡದು ದಾಟ್ತೀನಿ ನೋಡವ್ವಾ. ಕಾಲಿಗೆ ನೀರು ಹತ್ತಧಂಗ.”

ದಡದಲ್ಲಿ ರಾಯಚೂರಿಗೆ ಹೋಗುವ ಬಂಡಿ ನಿಂತಿದ್ದಿತು. ಗಂಟುಮೂಟೆ ಇಳಿಸಿ, ಸೊಸೆಯು ತಂದಿದ್ದ ತೊಗರಿಬೇಳೆಯ ಚೀಲವೊಂದನ್ನು ಅವನ ಮನೆಗೆಂದು ಹರಿಗೋಲಿನಲ್ಲಿಯೇ ಇಟ್ಟುಬಂದಳು.