ಕಾಲ್ಬೆರಳಿನ ರೂಢಿ

ಒತ್ತಿದ ಕ್ಲಚ್ ಪೆಡಲ್ ಮೇಲೆ ಬಾರದಿದ್ದರೆ ಕಾಲ್ಬೆರಳಿನಿಂದ ಎತ್ತಿಬಿಡುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಸಲ. 'ಹಳೆಯ ಗಾಡಿ, ಅದಕ್ಕೂ ಮಂಡಿನೋವು' ಎಂದು ನಗುತ್ತಿದ್ದೆವು.

ಆ ಮಳೆಗಾಲದಲ್ಲಿ ಅಮ್ಮಿಯನ್ನು ಮಂಗಳೂರಿನ ಹೃದಯದ ಡಾಕ್ಟರಿಗೆ ತೋರಿಸಿ, ಶಿರಾಡಿ ಘಾಟಿ ಏರುತ್ತಿದ್ದೆವು. ತಿರುವೊಂದರಲ್ಲಿ ಗೇರ್ ಬದಲಿಸಲು ಒತ್ತಿದ ಪೆಡಲ್ ಕೆಳಗೇ ಕೂತಿತು. ಎಂಜಿನ್ ಮೊರೆಯುತ್ತಿತ್ತು, ಚಕ್ರಕ್ಕೆ ಬಲವಿರಲಿಲ್ಲ. ಕಾರು ಹಿಂದಕ್ಕೆ ಜಾರಿತು; ಹಿಂದೆ ಲಾರಿಯ ದೀಪ. ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಬಗ್ಗಿ ಕೈಯಿಂದ ಪೆಡಲ್ ಎತ್ತಿದೆವು. ಅಮ್ಮಿಯ ಕೈಯಲ್ಲಿ ತಸ್ಬೀಹ್ ನಿಂತುಹೋಗಿತ್ತು.

ಹೇಗೋ ಸಕಲೇಶಪುರ ಮುಟ್ಟಿದೆವು. ಮೆಕ್ಯಾನಿಕ್ ಚಾಚಾ ಮೊದಲು ಕಾಲಡಿಯ ಮ್ಯಾಟ್ ಸರಿಸಿ ನೋಡಿದರು. ಸ್ಪ್ರಿಂಗ್ ಸರಿಯಿತ್ತು. ಕೇಬಲ್ ಬಿಚ್ಚಿದರೆ, ಮೇಲಿನ ಕವಚ ನೆಟ್ಟಗಿದೆ. ಒಳಗಿನ ತಂತಿಯ ಎಳೆಗಳು ತುಕ್ಕು ಹಿಡಿದು, ಒಂದೊಂದಾಗಿ ತುಂಡಾಗಿ ಕವಚಕ್ಕೆ ಸಿಕ್ಕಿಕೊಂಡಿವೆ.

"ಎಣ್ಣೆ ಬಿಟ್ಟರೆ ನಾಲ್ಕು ದಿನ ಓಡುತ್ತೆ ಬೇಟಾ, ಆಮೇಲೆ ಪೂರ್ತಿ ಕಿತ್ತುಹೋಗುತ್ತೆ. ಬದಲಾಯಿಸಿಬಿಡಿ" ಎಂದರು. ಕೇಬಲ್ ಇಲ್ಲದ, ಆಯಿಲ್ ಒತ್ತಡದ ಕ್ಲಚ್ ಆದರೆ ಡಬ್ಬಿಯಲ್ಲಿ ಆಯಿಲ್ ಇಳಿದಿದೆಯೇ, ಸಿಲಿಂಡರ್ ಸೋರುತ್ತಿದೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಬೇಕೆಂದೂ ಹೇಳಿಕೊಟ್ಟರು.

ಗಾಡಿ ಎರಡು ತಿಂಗಳಿನಿಂದ ಹೇಳುತ್ತಲೇ ಇತ್ತು. ನಾವೇ ಬೆರಳಿನಿಂದ ಎತ್ತಿ ಎತ್ತಿ ಅದರ ಬಾಯಿ ಮುಚ್ಚಿಸಿದ್ದೆವು. ಅಮ್ಮಿಯೂ ಎದೆನೋವನ್ನು 'ಬರೀ ಗ್ಯಾಸ್' ಎನ್ನುತ್ತಾ ಅಷ್ಟೇ ದಿನ ತಳ್ಳಿದ್ದರು. ಹೌದೆಂದು ಸೋಡಾ ತಂದುಕೊಟ್ಟವರೂ ನಾವೇ.